ಹದಿನೈದು ವರ್ಷ ಕಾದ ಕಾದಂಬರಿ

ಪ್ರೇಮಕಥೆ ಬರೆಯಲು ಏನೇನು ಬೇಕು? ಕಾಲೇಜಿನಲ್ಲಿ ಓದಿರಬೇಕೆ? ದೇಶ ವಿದೇಶ ಸುತ್ತಿರಬೇಕೆ? ದೊಡ್ಡವರ ಪರಿಚಯವಿರಬೇಕೆ? ಸ್ವತಃ ಪ್ರೀತಿಸಿ ಮದುವೆಯಾಗಿರಬೇಕೆ? ಈ ನಾಲ್ಕು ಪ್ರಶ್ನೆಗಳಿಗೂ 'ಬೇಕಾಗಿಲ್ಲ' ಎಂದು ಉತ್ತರ ಕೊಡುವ ಬದುಕೊಂದಿದೆ. ಅದು ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್‌ಳದು.

ಹನ್ನೊಂದರ ಆಸುಪಾಸಿನಲ್ಲೇ ಆಕೆಯ ಶಾಲೆ ಮುಗಿಯಿತು. ಸಮುದ್ರ ದಾಟಿ ಹೋದವಳಲ್ಲ. ಕೊನೆಯವರೆಗೂ ಮದುವೆಯಾಗಲಿಲ್ಲ. ಬದುಕಿದ್ದು 41 ವರ್ಷ. ಬರೆದು ಮುಗಿಸಿದ ದೊಡ್ಡ ಕಾದಂಬರಿಗಳು ಆರು. ಆರರಲ್ಲೂ ಇರುವುದು ಪ್ರೀತಿ, ಮದುವೆ, ಮನೆತನ ಮತ್ತು ಹಣದ ಲೆಕ್ಕಾಚಾರ. ಇನ್ನೂರು ವರ್ಷ ಕಳೆದರೂ ಅವುಗಳನ್ನು ಓದುವವರಿದ್ದಾರೆ, ತರಗತಿಗಳಲ್ಲಿ ಪಾಠ ಹೇಳುವವರಿದ್ದಾರೆ, ಸಿನಿಮಾ ಮಾಡುವವರಿದ್ದಾರೆ. ಆದರೆ ಆಕೆಯ ಹೆಸರು ಪ್ರೇಮಕಾದಂಬರಿಗೆ ಪರ್ಯಾಯ ಎಂಬಂತಾಗುವ ಮೊದಲು ಆ ಹಸ್ತಪ್ರತಿಗಳು ಎಷ್ಟು ವರ್ಷ ಪೆಟ್ಟಿಗೆಯಲ್ಲಿ ಕಾದು ಕುಳಿತಿದ್ದವು ಎಂಬುದು ಹೆಚ್ಚು ಮಂದಿಗೆ ತಿಳಿದಿಲ್ಲ.

ಪಾದ್ರಿಯ ಮನೆಯ ಪುಸ್ತಕಗಳು

ಜೇನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ. ಎಂಟು ಮಕ್ಕಳಲ್ಲಿ ಆಕೆ ಏಳನೆಯವಳು. ಆರು ಮಂದಿ ಗಂಡುಮಕ್ಕಳ ನಡುವೆ ಇದ್ದ ಹೆಣ್ಣುಮಕ್ಕಳು ಇಬ್ಬರೇ: ಜೇನ್ ಮತ್ತು ಆಕೆಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಕೆಸಾಂಡ್ರ. ತಂದೆ ಜಾರ್ಜ್ ಆಸ್ಟೆನ್ ಆ ಊರಿನ ಪಾದ್ರಿ. ಸಂಸಾರ ದೊಡ್ಡದು, ವರಮಾನ ಸಾಲದು. ಹಾಗಾಗಿ ಅವರು ಮನೆಯಲ್ಲೇ ಹುಡುಗರನ್ನು ಇಟ್ಟುಕೊಂಡು, ಊಟ ಹಾಕಿ, ಪಾಠ ಹೇಳುತ್ತಿದ್ದರು.

ಜೇನ್‌ಳ ಶಾಲಾ ಕಲಿಕೆ ಬಹಳ ಸಣ್ಣದು. 1783ರಲ್ಲಿ ಅಕ್ಕನ ಜೊತೆ ಆಕೆಯನ್ನೂ ಶಾಲೆಗೆ ಕಳುಹಿಸಿದರು. ಅಲ್ಲಿ ಟೈಫಸ್ ಜ್ವರ ತಗಲಿ ಸಾಯುವ ಸ್ಥಿತಿಗೆ ಬಂದಳು. ಆಮೇಲೆ ರೆಡಿಂಗ್ ಊರಿನ ಒಂದು ವಸತಿ ಶಾಲೆಯಲ್ಲಿ ಕೆಲಕಾಲ ಓದಿದಳು. ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಮನೆಯ ಕಲಿಕೆ. ಮನೆಯಲ್ಲಿ ತಂದೆ ಕೂಡಿಸಿದ್ದ ಸುಮಾರು ಐನೂರು ಪುಸ್ತಕಗಳಿದ್ದವು. 'ಇದು ಹುಡುಗಿಯರು ಓದುವ ಪುಸ್ತಕವಲ್ಲ' ಎಂದು ಬೀಗ ಹಾಕಿದ ಮನೆ ಅದಲ್ಲ. ಸಂಜೆ ಹೊತ್ತು ಎಲ್ಲರೂ ಕುಳಿತು ಗಟ್ಟಿಯಾಗಿ ಓದುವ ರೂಢಿಯಿತ್ತು. ಅಣ್ಣಂದಿರು ಕಣಜದ ಕಟ್ಟಡದಲ್ಲಿ ನಾಟಕ ಆಡುತ್ತಿದ್ದರು.

ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಜೇನ್ ಬರೆಯತೊಡಗಿದಳು. ತಾನು ಓದಿದ ಕಾದಂಬರಿಗಳನ್ನೇ ಗೇಲಿ ಮಾಡುವ ತುಂಟ ಬರಹಗಳು ಅವು. ಮಾತು ಮಾತಿಗೆ ಮೂರ್ಛೆ ಹೋಗುವ ನಾಯಕಿಯರು, ಮೊದಲ ನೋಟಕ್ಕೇ ಮದುವೆಗೆ ಸಿದ್ಧವಾಗುವ ನಾಯಕರು, ಇವರನ್ನೆಲ್ಲ ಮನೆಮಂದಿ ಬಿದ್ದು ಬಿದ್ದು ನಗುವಂತೆ ಚಿತ್ರಿಸಿದಳು. ಮೂರು ಪುಸ್ತಕಗಳಲ್ಲಿ ಅವುಗಳನ್ನು ಅಂದವಾಗಿ ನಕಲು ಮಾಡಿ ಇಟ್ಟುಕೊಂಡಳು. ಅವುಗಳಲ್ಲಿ ಎರಡನೆಯದು ತಂದೆ ಕೊಟ್ಟ ಉಡುಗೊರೆ. ಮೂರನೆಯದರಲ್ಲಿ ತಂದೆ ತಮ್ಮ ಕೈಯಾರೆ ಒಂದು ತಮಾಷೆಯ ಮೆಚ್ಚುಗೆಯ ಮಾತು ಬರೆದಿದ್ದಾರೆ. 1794ರ ಡಿಸೆಂಬರಿನಲ್ಲಿ ಅವರು 12 ಷಿಲಿಂಗ್ ಕೊಟ್ಟು ಒಂದು ಪುಟ್ಟ ಬರೆಯುವ ಪೆಟ್ಟಿಗೆ ಕೊಂಡರು. ಮಗಳ ಹತ್ತೊಂಬತ್ತನೆಯ ಹುಟ್ಟುಹಬ್ಬಕ್ಕಾಗಿಯೇ ಅದನ್ನು ಕೊಂಡಿರಬೇಕು ಎಂದು ವಿದ್ವಾಂಸರು ನಂಬುತ್ತಾರೆ. ಇಳಿಜಾರಾದ ಮುಚ್ಚಳದ ಮೇಲೆ ಕಾಗದ ಇಟ್ಟು ಬರೆಯಬಹುದು, ಒಳಗೆ ಹಾಳೆಗಳನ್ನು ಭದ್ರವಾಗಿಡಬಹುದು. ಜೇನ್‌ಳ ಆ ಪೆಟ್ಟಿಗೆ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಮರುಟಪಾಲಿನಲ್ಲಿ ಬಂದ 'ಬೇಡ'

1796ರ ಅಕ್ಟೋಬರಿನಲ್ಲಿ ಜೇನ್ ಒಂದು ಕಾದಂಬರಿ ಆರಂಭಿಸಿ 1797ರ ಆಗಸ್ಟ್‌ನಲ್ಲಿ ಮುಗಿಸಿದಳು. ಆಗ ಆಕೆಗೆ ಇಪ್ಪತ್ತೊಂದು ವರ್ಷ. ಹೆಸರು 'ಫಸ್ಟ್ ಇಂಪ್ರೆಷನ್ಸ್', ಅಂದರೆ ಮೊದಲ ನೋಟಕ್ಕೆ ಮೂಡುವ ಅಭಿಪ್ರಾಯಗಳು. ಮನೆಯವರಿಗೆಲ್ಲ ಅದು ಅಚ್ಚುಮೆಚ್ಚಾಯಿತು.

ತಂದೆ ಸುಮ್ಮನೆ ಮೆಚ್ಚಿ ಕೂರಲಿಲ್ಲ. 1797ರ ನವೆಂಬರ್ 1ರಂದು ಲಂಡನ್ನಿನ ಹೆಸರಾಂತ ಪ್ರಕಾಶಕ ಥಾಮಸ್ ಕ್ಯಾಡೆಲ್ ಅವರಿಗೆ ಪತ್ರ ಬರೆದರು. ತಮ್ಮ ಬಳಿ ಮೂರು ಸಂಪುಟಗಳಷ್ಟಾಗುವ ಕಾದಂಬರಿಯ ಹಸ್ತಪ್ರತಿಯೊಂದಿದೆ; ಲೇಖಕರ ಖರ್ಚಿನಲ್ಲೇ ಅಚ್ಚು ಹಾಕಿಸುವುದಾದರೆ ಎಷ್ಟಾಗುತ್ತದೆ? ಓದಿ ಮೆಚ್ಚಿ ತಾವೇ ಕೊಳ್ಳುವುದಾದರೆ ಎಷ್ಟು ಕೊಡುತ್ತೀರಿ? ಇಷ್ಟೇ ಪತ್ರದ ಸಾರಾಂಶ. ಬರೆದವರು ಯಾರೆಂದು ಅವರು ಹೇಳಲಿಲ್ಲ. ಮಗಳ ಹೆಸರನ್ನು ಗುಟ್ಟಾಗಿಯೇ ಇಟ್ಟರು.

ಪ್ರಕಾಶಕರು ಹಸ್ತಪ್ರತಿಯನ್ನು ತರಿಸಿಕೊಂಡು ನೋಡಲೂ ಇಲ್ಲ. ಮರುಟಪಾಲಿನಲ್ಲೇ 'ಬೇಡ' ಎಂದರು. ಹಾಗೆಂದು ಗುರುತು ಹಾಕಿದ ಆ ಪತ್ರ ಇಂದಿಗೂ ಉಳಿದಿದೆ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ತಿರಸ್ಕೃತವಾದದ್ದು ಪತ್ರವೇ ಹೊರತು ಕಾದಂಬರಿಯಲ್ಲ. ಓದದೇ ಕೊಟ್ಟ ತೀರ್ಪಿಗೆ ಬೆಲೆಯೆಷ್ಟು? ಆದರೆ ಪರಿಣಾಮ ಒಂದೇ. ಹಾಳೆಗಳು ಮತ್ತೆ ಪೆಟ್ಟಿಗೆ ಸೇರಿದವು.

ಜೇನ್ ಬರವಣಿಗೆ ನಿಲ್ಲಿಸಲಿಲ್ಲ ಎಂಬುದು ಇಲ್ಲಿ ಮುಖ್ಯ. ಅದೇ ನವೆಂಬರಿನಲ್ಲಿ ಆಕೆ ಇನ್ನೊಂದು ಹಳೆಯ ಬರಹವನ್ನು ಕೈಗೆತ್ತಿಕೊಂಡಳು. 'ಎಲಿನರ್ ಅಂಡ್ ಮೇರಿಯಾನ್' ಎಂಬ ಆ ಕಥೆಯನ್ನು ಹೊಸದಾಗಿ ಬರೆದು 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಎಂದು ಹೆಸರಿಟ್ಟಳು.

ಹತ್ತು ಪೌಂಡಿಗೆ ಮಾರಿಹೋದ ಪುಸ್ತಕ

ಮೂರನೆಯ ಕಾದಂಬರಿ 'ಸೂಸನ್'. ಇದು ಅಚ್ಚಿನ ಬಾಗಿಲವರೆಗೂ ಹೋಯಿತು. 1803ರಲ್ಲಿ ಲಂಡನ್ನಿನ ಕ್ರಾಸ್ಬಿ ಎಂಬ ಪ್ರಕಾಶನ ಸಂಸ್ಥೆ 10 ಪೌಂಡು ಕೊಟ್ಟು ಹಕ್ಕು ಕೊಂಡಿತು. ಬೇಗ ಹೊರತರುವುದಾಗಿ ಹೇಳಿ ಪ್ರಕಟಣೆಯನ್ನೂ ಕೊಟ್ಟಿತು. ಪುಸ್ತಕ ಮಾತ್ರ ಬರಲಿಲ್ಲ. ಒಂದು ವರ್ಷವಾಯಿತು, ಎರಡಾಯಿತು, ಆರು ವರ್ಷ ಕಳೆಯಿತು.

1809ರ ಏಪ್ರಿಲ್‌ನಲ್ಲಿ ಜೇನ್ ಸುಳ್ಳು ಹೆಸರಿನಲ್ಲಿ ಒಂದು ಖಾರವಾದ ಪತ್ರ ಬರೆದಳು. ಹಸ್ತಪ್ರತಿ ಕಳೆದುಹೋಗಿದ್ದರೆ ಇನ್ನೊಂದು ಪ್ರತಿ ಕಳುಹಿಸುತ್ತೇನೆ, ಉತ್ತರ ಬಾರದಿದ್ದರೆ ಬೇರೆ ಕಡೆ ಅಚ್ಚು ಹಾಕಿಸುತ್ತೇನೆ ಎಂದು ಎಚ್ಚರಿಸಿದಳು. ಉತ್ತರ ಕೂಡಲೇ ಬಂತು. ಇಂತಿಷ್ಟು ದಿನದೊಳಗೆ ಪ್ರಕಟಿಸುತ್ತೇವೆಂಬ ಕರಾರೇ ಇಲ್ಲ. ಬೇರೆಯವರು ಅಚ್ಚು ಹಾಕಿದರೆ ತಡೆಯುತ್ತೇವೆ. ಬೇಕಿದ್ದರೆ ಅದೇ 10 ಪೌಂಡು ಕೊಟ್ಟು ಹಸ್ತಪ್ರತಿ ಬಿಡಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಸ್ವಂತ ವರಮಾನವೇ ಇಲ್ಲದ ಆಕೆಗೆ 10 ಪೌಂಡು ಸಣ್ಣ ಮೊತ್ತವಲ್ಲ. ಹಸ್ತಪ್ರತಿ ಅಲ್ಲಿಯೇ ಉಳಿಯಿತು. ಕರಾರು ಪತ್ರವನ್ನು ಓದದೆ ಸಹಿ ಹಾಕಬಾರದೆಂಬ ಪಾಠ ಇಂದಿನ ಬರಹಗಾರರಿಗೂ ಅನ್ವಯಿಸುವಂಥದ್ದೇ.

ಬರವಣಿಗೆಗೆ ಬರ

ಇದರ ನಡುವೆ ಬದುಕು ಬುಡಮೇಲಾಗಿತ್ತು. ತಂದೆ ನಿವೃತ್ತರಾಗಿ 1801ರಲ್ಲಿ ಸಂಸಾರವನ್ನು ಬಾತ್ ಎಂಬ ಪಟ್ಟಣಕ್ಕೆ ಕೊಂಡೊಯ್ದರು. ಹುಟ್ಟಿದ ಮನೆ, ಪರಿಚಿತ ದಾರಿಗಳು, ಪುಸ್ತಕಗಳ ಬಹುಭಾಗ ಎಲ್ಲವೂ ಹಿಂದೆ ಉಳಿದವು. 1802ರ ಡಿಸೆಂಬರಿನಲ್ಲಿ ಹ್ಯಾರಿಸ್ ಬಿಗ್-ವಿದರ್ ಎಂಬ ಶ್ರೀಮಂತ ಮನೆತನದ ಯುವಕ ಮದುವೆಯ ಪ್ರಸ್ತಾಪ ಮಾಡಿದ. ಜೇನ್ ಒಪ್ಪಿಕೊಂಡಳು. ರಾತ್ರಿಯೆಲ್ಲ ಯೋಚಿಸಿ ಬೆಳಗಾಗುತ್ತಲೇ ಒಲ್ಲೆನೆಂದಳು. ಒಪ್ಪಿದ್ದರೆ ಆಸ್ತಿ, ಮನೆ, ನೆಮ್ಮದಿ ಎಲ್ಲವೂ ಇತ್ತು. ಪ್ರೀತಿ ಮಾತ್ರ ಇರಲಿಲ್ಲ.

ಆ ಕಾಲದ ಹೆಣ್ಣಿಗೆ ಇದು ಎಂಥ ಸಾಹಸ ಎಂಬುದು ಇಂದಿನ ವಿದ್ಯಾರ್ಥಿನಿಯರಿಗೆ ಕಲ್ಪಿಸಿಕೊಳ್ಳುವುದು ಕಷ್ಟ. ಆಸ್ತಿ ಬಹುಮಟ್ಟಿಗೆ ಗಂಡುಮಕ್ಕಳ ಪಾಲಾಗುತ್ತಿತ್ತು. ವಿಶ್ವವಿದ್ಯಾಲಯದ ಬಾಗಿಲು ಹೆಣ್ಣಿಗೆ ಮುಚ್ಚಿತ್ತು. ಮರ್ಯಾದಸ್ಥರ ಮನೆಯ ಅವಿವಾಹಿತೆಗೆ ಇದ್ದ ಉದ್ಯೋಗವೆಂದರೆ ಉಳ್ಳವರ ಮಕ್ಕಳಿಗೆ ಮನೆಪಾಠ ಹೇಳುವುದು, ಇಲ್ಲವೇ ಶಾಲೆಯಲ್ಲಿ ಕಲಿಸುವುದು. ಮದುವೆ ಎಂಬುದು ಪ್ರೀತಿಯ ಪ್ರಶ್ನೆಯಾಗಿರುವಷ್ಟೇ ಅನ್ನದ ಪ್ರಶ್ನೆಯೂ ಆಗಿತ್ತು. ಜೇನ್‌ಳ ಕಾದಂಬರಿಗಳಲ್ಲಿ ಪ್ರತಿಯೊಬ್ಬ ವರನ ವಾರ್ಷಿಕ ವರಮಾನ ಇಷ್ಟು ಪೌಂಡು ಎಂದು ಲೆಕ್ಕ ಬರುವುದು ಇದಕ್ಕಾಗಿಯೇ.

1805ರ ಜನವರಿಯಲ್ಲಿ ತಂದೆ ತೀರಿಕೊಂಡರು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅಣ್ಣತಮ್ಮಂದಿರು ಕೊಡುವ ಹಣವನ್ನು ನೆಚ್ಚಿಕೊಂಡು ಮನೆಯಿಂದ ಮನೆಗೆ ಅಲೆದರು. ಆ ವರ್ಷಗಳಲ್ಲಿ ಶುರು ಮಾಡಿದ 'ದಿ ವಾಟ್ಸನ್ಸ್' ಎಂಬ ಕಾದಂಬರಿ ಅರ್ಧಕ್ಕೇ ನಿಂತಿತು. ಪ್ರತಿಭೆ ಇದ್ದರೆ ಸಾಲದು, ಒಂದು ನೆಲೆಯೂ ಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಚಾಟನ್ ಹಳ್ಳಿಯ ಸಣ್ಣ ಮೇಜು

ಆ ನೆಲೆ ಸಿಕ್ಕಿದ್ದು 1809ರ ಜುಲೈನಲ್ಲಿ. ಅಣ್ಣಂದಿರಲ್ಲಿ ಒಬ್ಬನಾದ ಎಡ್ವರ್ಡ್ ಸಿರಿವಂತ ಬಂಧುಗಳಿಗೆ ದತ್ತು ಹೋಗಿದ್ದ. ಅವನು ಹ್ಯಾಂಪ್‌ಷೈರ್‌ನ ಚಾಟನ್ ಹಳ್ಳಿಯಲ್ಲಿದ್ದ ತನ್ನ ಮನೆಯೊಂದನ್ನು ತಾಯಿ ಮತ್ತು ಸಹೋದರಿಯರಿಗೆ ಬಿಟ್ಟುಕೊಟ್ಟ. ಅಲ್ಲಿ ಅಕ್ಕ ಕೆಸಾಂಡ್ರ ಮತ್ತು ಜೊತೆಗಿದ್ದ ಗೆಳತಿ ಮಾರ್ಥಾ ಲಾಯ್ಡ್ ಮನೆವಾರ್ತೆಯ ಹೆಚ್ಚಿನ ಭಾರವನ್ನು ತಾವೇ ಹೊತ್ತರು. ಬೆಳಗಿನ ಉಪಾಹಾರ ಸಿದ್ಧಪಡಿಸುವುದು, ಚಹಾ ಮತ್ತು ಸಕ್ಕರೆಯ ಉಸ್ತುವಾರಿ, ಇಷ್ಟು ಜೇನ್‌ಳ ಪಾಲಿನ ಕೆಲಸ. ಉಳಿದ ಹೊತ್ತು ಬರವಣಿಗೆಗೆ.

ಪ್ರತ್ಯೇಕ ಕೋಣೆ ಇರಲಿಲ್ಲ. ಊಟದ ಕೋಣೆಯ ಕಿಟಕಿಯ ಬಳಿ ಇಟ್ಟ, ಒಬ್ಬರು ಕೈಯೂರಲು ಸಾಕಾಗುವಷ್ಟು ಪುಟ್ಟದಾದ ಹನ್ನೆರಡು ಮೂಲೆಯ ಮೇಜಿನ ಮೇಲೆ ಆಕೆ ಬರೆದಳು. ಆ ಮನೆ ಈಗ ವಸ್ತುಸಂಗ್ರಹಾಲಯ. ಮೇಜನ್ನು ಅಲ್ಲಿ ನೋಡಬಹುದು. ಸಣ್ಣ ಹಾಳೆಗಳಲ್ಲಿ ಬರೆಯುತ್ತಿದ್ದ ಆಕೆ ಯಾರಾದರೂ ಬಂದರೆ ಅವನ್ನು ಸರಕ್ಕನೆ ಮರೆಮಾಡುತ್ತಿದ್ದಳಂತೆ. ಒಂದು ಬಾಗಿಲು ತೆರೆದರೆ ಕಿರ್ರೆನ್ನುತ್ತಿತ್ತು. ಬರುವವರ ಸುಳಿವು ಕೊಡುತ್ತದೆಂದು ಅದನ್ನು ದುರಸ್ತಿ ಮಾಡಿಸಲು ಆಕೆ ಒಪ್ಪಲಿಲ್ಲವಂತೆ. ಆಕೆಯ ಅಣ್ಣನ ಮಗ 1870ರಲ್ಲಿ ಹೊರತಂದ ಜೀವನಚರಿತ್ರೆಯಲ್ಲಿ ಈ ಸಂಗತಿ ಬರುತ್ತದೆ.

ಕೊನೆಗೂ ಅಚ್ಚಿಗೆ

ಅಂದಿನ ಇಂಗ್ಲೆಂಡಿನಲ್ಲಿ ಪುಸ್ತಕ ಹೊರತರಲು ಮುಖ್ಯವಾಗಿ ಎರಡು ದಾರಿಗಳಿದ್ದವು. ಹಕ್ಕನ್ನು ಪ್ರಕಾಶಕರಿಗೆ ಒಂದೇ ಗಂಟಿಗೆ ಮಾರಿಬಿಡುವುದು ಒಂದು. ಆಗ ನಷ್ಟವಾದರೂ ಅವರದೇ, ಲಾಭವಾದರೂ ಅವರದೇ. ಎರಡನೆಯದು ಕಮಿಷನ್ ಪದ್ಧತಿ. ಅಚ್ಚಿನ ಖರ್ಚಿನ ಹೊಣೆ ಲೇಖಕರದು. ಪ್ರಕಾಶಕರು ಕಮಿಷನ್ ಹಿಡಿದುಕೊಂಡು ಲಾಭವನ್ನು ಲೇಖಕರಿಗೆ ಕೊಡುತ್ತಾರೆ. ಮಾರಾಟವಾಗದಿದ್ದರೆ ಲೇಖಕರ ಕೈ ಸುಡುತ್ತದೆ.

ಜೇನ್ ಎರಡನೆಯ ದಾರಿ ಹಿಡಿದಳು. ಲಂಡನ್ನಿನಲ್ಲಿದ್ದ ಅಣ್ಣ ಹೆನ್ರಿ ಮಾತುಕತೆ ನಡೆಸಿದ. ಒಪ್ಪಿದ ಪ್ರಕಾಶಕ ಥಾಮಸ್ ಎಗರ್ಟನ್ ಹೆಚ್ಚಾಗಿ ಹೊರತರುತ್ತಿದ್ದುದು ಸೈನ್ಯಕ್ಕೆ ಸಂಬಂಧಿಸಿದ ಪುಸ್ತಕಗಳನ್ನು! ನಷ್ಟವಾದರೆ ತುಂಬಿಕೊಡಲು ಜೇನ್ ತನ್ನ ಅಲ್ಪ ಹಣದಲ್ಲೇ ಒಂದಿಷ್ಟು ಎತ್ತಿಟ್ಟಿದ್ದಳು. 1811ರ ಅಕ್ಟೋಬರ್ 30ರಂದು 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಮೂರು ಸಂಪುಟಗಳಲ್ಲಿ ಹೊರಬಂತು. ಬೆಲೆ 15 ಷಿಲಿಂಗ್. ಲೇಖಕಿಯ ಹೆಸರಿರಬೇಕಾದ ಜಾಗದಲ್ಲಿ 'ಒಬ್ಬ ಮಹಿಳೆಯಿಂದ' ಎಂದಷ್ಟೇ ಇತ್ತು. ಆಗ ಜೇನ್‌ಗೆ ಮೂವತ್ತೈದು ವರ್ಷ.

ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ, ಅಣ್ಣನ ಮಗಳು ಆನ್ನಾ ಅತ್ತೆಯ ಎದುರಿನಲ್ಲೇ ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ಕೈಗೆತ್ತಿಕೊಂಡು, ಹೆಸರು ನೋಡಿದರೇ ಇದು ಕಸವೆಂದು ಗೊತ್ತಾಗುತ್ತದೆ ಎಂದು ಬಿಸಾಡಿದಳಂತೆ. ಅತ್ತೆ ಒಳಗೊಳಗೇ ನಕ್ಕಿರಬೇಕು. 1813ರ ಜುಲೈ ಹೊತ್ತಿಗೆ ಎಲ್ಲ ಪ್ರತಿಗಳೂ ಖರ್ಚಾಗಿ 140 ಪೌಂಡು ಲಾಭ ಬಂದಿತ್ತು.

ಈಗ ಪೆಟ್ಟಿಗೆಯಿಂದ 'ಫಸ್ಟ್ ಇಂಪ್ರೆಷನ್ಸ್' ಹೊರಬಂತು. ಅದೇ ಹೆಸರಿನ ಬೇರೊಂದು ಕಾದಂಬರಿ ಅಷ್ಟರಲ್ಲಿ ಬಂದುಬಿಟ್ಟಿದ್ದರಿಂದ ಹೆಸರು ಬದಲಾಯಿಸಬೇಕಾಯಿತು. ಉದ್ದವಾಗಿದ್ದ ಕಡೆ ಜೇನ್ ನಿರ್ದಾಕ್ಷಿಣ್ಯವಾಗಿ ಕತ್ತರಿ ಆಡಿಸಿದಳು. ಹೊಸ ಹೆಸರು 'ಪ್ರೈಡ್ ಅಂಡ್ ಪ್ರೆಜುಡಿಸ್', ಅಂದರೆ ಅಹಂಕಾರ ಮತ್ತು ಪೂರ್ವಗ್ರಹ. ಎಲಿಜಬೆತ್ ಎಂಬ ಜಾಣೆ ಡಾರ್ಸಿ ಎಂಬ ಬಿಗುಮಾನದ ಸಿರಿವಂತನನ್ನು ಮೊದಲ ಭೇಟಿಯಲ್ಲೇ ತಪ್ಪಾಗಿ ಅಳೆಯುತ್ತಾಳೆ, ಅವನೂ ಅಷ್ಟೇ. ಇಬ್ಬರೂ ತಮ್ಮ ತಮ್ಮ ತಪ್ಪು ತಿಳಿದುಕೊಂಡ ಮೇಲೆಯೇ ಪ್ರೀತಿಗೆ ದಾರಿಯಾಗುವುದು. ಈ ಸಲ ಜೇನ್ ಹಕ್ಕನ್ನೇ ಮಾರಿದಳು. ಕೇಳಿದ್ದು 150 ಪೌಂಡು, ಸಿಕ್ಕಿದ್ದು 110. 1813ರ ಜನವರಿ 28ರಂದು ಪುಸ್ತಕ ಬಂತು. ಬರೆದು ಮುಗಿಸಿ ಹದಿನೈದು ವರ್ಷ ಕಳೆದಿತ್ತು.

ಕೈಗೆ ಬಂದ ಪ್ರತಿಯನ್ನು ಜೇನ್ ತನ್ನ ಮುದ್ದಿನ ಕೂಸು ಎಂಬಂತೆ ಕಂಡಳು. ಅಂದು ಸಂಜೆ ಊಟಕ್ಕೆ ಬಂದಿದ್ದ ನೆರೆಯಾಕೆಗೆ ಮನೆಯವರು ಅದನ್ನು ಓದಿ ಹೇಳಿದರು. ಬರೆದವಳು ಎದುರಿಗೇ ಕುಳಿತಿದ್ದಾಳೆಂದು ಆಕೆಗೆ ಗೊತ್ತೇ ಇರಲಿಲ್ಲ! ಪುಸ್ತಕ ಚೆನ್ನಾಗಿ ಮಾರಾಟವಾಗಿ ಅದೇ ವರ್ಷ ಎರಡನೆಯ ಮುದ್ರಣ ಕಂಡಿತು. ಆದರೆ ಹಕ್ಕು ಮಾರಿದ್ದ ಜೇನ್‌ಗೆ ಅದರಿಂದ ಬಿಡಿಗಾಸೂ ಬರಲಿಲ್ಲ.

ಸ್ಫೂರ್ತಿ ಎಲ್ಲಿಂದ?

ಇಪ್ಪತ್ತನೆಯ ವಯಸ್ಸಿನಲ್ಲಿ ಜೇನ್ ಟಾಮ್ ಲೆಫ್ರಾಯ್ ಎಂಬ ಐರಿಷ್ ಯುವಕನ ಜೊತೆ ಕೆಲವು ನೃತ್ಯಕೂಟಗಳಲ್ಲಿ ಕುಣಿದಿದ್ದಳು, ಅಕ್ಕನಿಗೆ ಪತ್ರದಲ್ಲಿ ಅದನ್ನು ತಮಾಷೆಯಾಗಿ ಬರೆದಿದ್ದಳು. ಇಬ್ಬರಿಗೂ ಆಸ್ತಿಯಿರಲಿಲ್ಲ. ಅವನು ಹೊರಟುಹೋದ, ಮುಂದೆ ಐರ್ಲೆಂಡಿನ ಮುಖ್ಯ ನ್ಯಾಯಾಧೀಶನಾದ. ಇದನ್ನೇ ಎಳೆದು 2007ರಲ್ಲಿ ಒಂದು ಚಲನಚಿತ್ರವೂ ಬಂತು. ಆ ಯುವಕನೇ ಡಾರ್ಸಿ ಎನ್ನುವವರಿದ್ದಾರೆ. ಅದಕ್ಕೆ ಪುರಾವೆಯಿಲ್ಲ.

ಪುರಾವೆ ಇರುವುದು ಬೇರೊಂದಕ್ಕೆ. ಜೇನ್‌ಳ ಪತ್ರಗಳನ್ನು ಓದಿದರೆ ಕಣ್ಣು ಕಿವಿ ಸದಾ ತೆರೆದಿಟ್ಟುಕೊಂಡಿದ್ದ ಹೆಣ್ಣೊಬ್ಬಳು ಕಾಣುತ್ತಾಳೆ. ಯಾರು ಹೇಗೆ ಮಾತನಾಡಿದರು, ಯಾರು ಯಾರನ್ನು ಕಂಡೂ ಕಾಣದಂತೆ ಹೋದರು, ಎಲ್ಲವನ್ನೂ ಆಕೆ ಗಮನಿಸುತ್ತಿದ್ದಳು. ಕಾದಂಬರಿ ಬರೆಯಹೊರಟ ಅದೇ ಆನ್ನಾಗೆ 1814ರಲ್ಲಿ ಆಕೆ ಕೊಟ್ಟ ಸಲಹೆ, ಒಂದು ಹಳ್ಳಿಯ ಮೂರು ನಾಲ್ಕು ಕುಟುಂಬಗಳು ಸಿಕ್ಕರೆ ಕಥೆಗೆ ಅದೇ ಸಾಕು ಎಂಬುದು. ಪಾತ್ರಗಳು ಐರ್ಲೆಂಡಿಗೆ ಹೋದರೆ ಹೋಗಲಿ, ನೀನು ಮಾತ್ರ ಅವರ ಹಿಂದೆ ಹೋಗಬೇಡ, ಅಲ್ಲಿನ ರೀತಿನೀತಿ ನಿನಗೆ ಗೊತ್ತಿಲ್ಲ ಎಂದೂ ಎಚ್ಚರಿಸಿದಳು.

ತಾನೂ ಹಾಗೆಯೇ ನಡೆದುಕೊಂಡಳು. ನಾರ್ಥಾಂಪ್ಟನ್‌ಷೈರ್ ಸೀಮೆಯ ಹೊಲಗಳಿಗೆ ಗಿಡಗಳ ಬೇಲಿ ಇರುತ್ತದೆಯೇ ಎಂದು 1813ರಲ್ಲಿ ಪತ್ರ ಬರೆದು ವಿಚಾರಿಸಿದಳು. 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕಾದಂಬರಿಯಲ್ಲಿ ನಿಜವಾದ ಹಡಗುಗಳ ಹೆಸರನ್ನು ಬಳಸಿದಾಗ, ನೌಕಾಪಡೆಯಲ್ಲಿದ್ದ ಅಣ್ಣ ಫ್ರಾಂಕ್‌ನ ಒಪ್ಪಿಗೆ ಕೇಳಿದಳು. ವಿಜ್ಞಾನದ ಪ್ರಯೋಗಕ್ಕೆ ಬೇಕಾದ ಎಚ್ಚರವೇ ಇದು: ಕಂಡದ್ದನ್ನು ಬರೆ, ಕಾಣದ್ದನ್ನು ಕೇಳಿ ತಿಳಿದುಕೋ.

'ಎಮ್ಮಾ' 1815ರ ಡಿಸೆಂಬರಿನಲ್ಲಿ ಬಂದಾಗ ಅದನ್ನು ಯುವರಾಜನಿಗೆ ಅರ್ಪಿಸಲಾಯಿತು. ಅರಮನೆಯ ಗ್ರಂಥಪಾಲಕ ಒಂದು ರಾಜಮನೆತನದ ಬಗ್ಗೆ ಐತಿಹಾಸಿಕ ಪ್ರಣಯಕಥೆ ಬರೆಯಿರಿ ಎಂದು ಸೂಚಿಸಿದ. ಜೀವ ಉಳಿಸಿಕೊಳ್ಳಲಿಕ್ಕಾದರೂ ಅಂಥದ್ದನ್ನು ನಗದೆ ಬರೆಯಲು ತನ್ನಿಂದಾಗದು, ತನ್ನ ದಾರಿಯೇ ತನಗೆ ಎಂದು ಆಕೆ ವಿನಯದಿಂದಲೇ ತಿಳಿಸಿದಳು.

ಇನ್ನು ತಿದ್ದುವಿಕೆ. 1816ರ ಜುಲೈನಲ್ಲಿ 'ಪರ್ಸುಯೇಷನ್' ಮುಗಿಯಿತು. ಕೊನೆ ಸಪ್ಪೆಯಾಯಿತೆಂದು ಆಕೆಗೆ ಅನ್ನಿಸಿತು. ಆರೋಗ್ಯ ಆಗಲೇ ಕೈಕೊಡುತ್ತಿತ್ತು. ಆದರೂ ಬಿಡದೆ ಆಗಸ್ಟ್ ಮೊದಲ ವಾರದೊಳಗೆ ಹೊಸ ಮುಕ್ತಾಯ ಬರೆದಳು. ಕೈಬಿಟ್ಟ ಎರಡು ಅಧ್ಯಾಯಗಳ ಹಸ್ತಪ್ರತಿ ಉಳಿದಿದೆ. ಹೊಡೆದುಹಾಕಿದ ಸಾಲುಗಳು, ಸೇರಿಸಿದ ಮಾತುಗಳು ಅದರ ತುಂಬ ಇವೆ. ಎರಡನ್ನೂ ಹೋಲಿಸಿ ಓದಿದರೆ ಹೊಸದು ಎಷ್ಟು ಮೇಲೆಂಬುದು ಯಾರಿಗೂ ತಿಳಿಯುತ್ತದೆ. ಸ್ಫೂರ್ತಿ ಬಂದದ್ದು ಎರಡನೆಯ ಸಲ ಕುಳಿತಾಗ!

ಹತ್ತು ಪೌಂಡಿನ ಲೆಕ್ಕ

ಯಶಸ್ಸು ಬಂದ ಮೇಲೂ ಹಣ ಹರಿದು ಬರಲಿಲ್ಲ. ಪ್ರಕಾಶಕ ಜಾನ್ ಮರ್ರೆ 'ಎಮ್ಮಾ' ಮತ್ತು ಹಿಂದಿನ ಎರಡು ಕಾದಂಬರಿಗಳ ಹಕ್ಕಿಗೆ ಸೇರಿಸಿ 450 ಪೌಂಡು ಕೊಡಲು ಮುಂದೆ ಬಂದ. ಕಡಿಮೆಯಾಯಿತೆಂದು ಜೇನ್ ಒಪ್ಪದೆ ಕಮಿಷನ್ ಪದ್ಧತಿಯಲ್ಲೇ ಹೊರತಂದಳು. 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನ ಎರಡನೆಯ ಮುದ್ರಣ ಮಾರಾಟವಾಗದೆ ಆ ನಷ್ಟವನ್ನು 'ಎಮ್ಮಾ' ಲಾಭದಲ್ಲಿ ಮುರಿದುಕೊಂಡಾಗ ಆಕೆಯ ಕೈಗೆ ಮೊದಲು ಬಂದದ್ದು 39 ಪೌಂಡಿಗೂ ಕಡಿಮೆ.

'ಸೂಸನ್' ಹಸ್ತಪ್ರತಿಯನ್ನು 1816ರಲ್ಲಿ ಅಣ್ಣ ಹೆನ್ರಿ ಅದೇ 10 ಪೌಂಡು ಕೊಟ್ಟು ಬಿಡಿಸಿಕೊಂಡ. ಹಣ ಎಣಿಸಿಕೊಟ್ಟು ಹಸ್ತಪ್ರತಿ ಕೈಗೆ ಬಂದ ಮೇಲೆ, ಇದು 'ಪ್ರೈಡ್ ಅಂಡ್ ಪ್ರೆಜುಡಿಸ್' ಬರೆದವಳದೇ ಎಂದು ತಿಳಿಸಿದನಂತೆ! ಆದರೆ ಅದು ಅಚ್ಚಾದುದನ್ನು ಜೇನ್ ನೋಡಲಿಲ್ಲ. 1817ರ ಜುಲೈ 18ರಂದು ವಿಂಚೆಸ್ಟರ್‌ನಲ್ಲಿ ತೀರಿಕೊಂಡಳು. ಅಲ್ಲಿನ ಕೆಥೆಡ್ರಲ್‌ನ ಸಮಾಧಿಗಲ್ಲಿನ ಮೇಲೆ ಆಕೆಯ ಗುಣಗಾನವಿದೆ, ಕಾದಂಬರಿಗಳ ಹೆಸರಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ 'ಸೂಸನ್' ಕಾದಂಬರಿ 'ನಾರ್ಥ್ಯಾಂಗರ್ ಅಬೆ' ಎಂಬ ಹೆಸರಿನಲ್ಲಿ 'ಪರ್ಸುಯೇಷನ್' ಜೊತೆಗೆ ಹೊರಬಂತು. ಅದಕ್ಕೆ ಹೆನ್ರಿ ಬರೆದ ಪರಿಚಯದಲ್ಲಿ, ಇಷ್ಟು ಕಾಲ 'ಒಬ್ಬ ಮಹಿಳೆ' ಎಂದಷ್ಟೇ ಗೊತ್ತಿದ್ದ ಲೇಖಕಿಯ ಹೆಸರು ಓದುಗರಿಗೆ ತಿಳಿಯಿತು.

2017ರಲ್ಲಿ, ಆಕೆ ತೀರಿಕೊಂಡು ಇನ್ನೂರು ವರ್ಷವಾದಾಗ, ಬ್ಯಾಂಕ್ ಆಫ್ ಇಂಗ್ಲೆಂಡ್ ಜೇನ್ ಆಸ್ಟೆನ್‌ಳ ಚಿತ್ರವಿರುವ ನೋಟು ಹೊರತಂದಿತು. ಅದು 10 ಪೌಂಡಿನ ನೋಟು.

ಬರೆಯುವ ಹಂಬಲವಿರುವ ವಿದ್ಯಾರ್ಥಿಗಳಿಗೆ ಈ ಬದುಕಿನಿಂದ ಕಲಿಯಲು ಸಾಕಷ್ಟಿದೆ. ತಂದೆತಾಯಿಯರು ಮಾತ್ರ ಬೇರೊಂದನ್ನು ನೆನಪಿಡಬೇಕು. ಆ ಪಾದ್ರಿ ಮಗಳಿಗೆ ಕೊಡಿಸಿದ್ದು ಒಂದು ಪುಸ್ತಕ, 12 ಷಿಲಿಂಗಿನ ಒಂದು ಪೆಟ್ಟಿಗೆ. ಬರೆದದ್ದು ಒಂದು ಪತ್ರ. ಪತ್ರದಿಂದ ಏನೂ ಆಗಲಿಲ್ಲ. ಆದರೆ ಇಪ್ಪತ್ತೊಂದರ ಆ ಹುಡುಗಿಯ ಬರಹ ಅಚ್ಚಾಗಬೇಕಾದದ್ದೆಂದು ತಂದೆ ನಂಬಿದ್ದರು. ಮುಂದಿನ ಹದಿನೈದು ವರ್ಷ ಕಾಯಲು ಅದೂ ಒಂದು ಬಲವಾಗಿರಲಿಲ್ಲವೆಂದು ಹೇಳುವವರಾರು?